ನರ್ಸಮ್ಮನ ಕಾರಿನ ಬಣ್ಣ ತೆಗೆದದ್ದು

ಹೆಂಡತಿ ತೀರಿಕೊಂಡ ಮೇಲೆ ಬಣ್ಣದ ಮೇಸ್ತ್ರಿ ಕೆಲಸ ಹಿಡಿಯುವುದನ್ನೇ ಬಿಟ್ಟಿದ್ದ. ಕಾರುಗಳಿಗೆ ಬಣ್ಣ ಹೊಡೆಯುವುದರಲ್ಲಿ ಆ ಊರಿನಲ್ಲಿ ಅವನನ್ನು ಮೀರಿಸುವವರೇ ಇರಲಿಲ್ಲ ಎಂದೇನೂ ಅಲ್ಲ. ಅವನಿಗಿಂತ ಬೇಗ ಹೊಡೆಯುವವರು, ಅವನಿಗಿಂತ ಹೊಳೆಯುವಂತೆ ಹೊಡೆಯುವವರು ಬೇಕಾದಷ್ಟು ಜನ ಇದ್ದರು. ಆದರೆ ಅವನು ಹೊಡೆದ ಬಣ್ಣ ಏಳುತ್ತಿರಲಿಲ್ಲ. ಹಳೆಯದನ್ನು ಸರಿಯಾಗಿ ತೆಗೆಯದೆ ಅದರ ಮೇಲೆ ಹೊಸದನ್ನು ಹಚ್ಚುವುದೆಂದರೆ ಸ್ನಾನ ಮಾಡದೆ ಹೊಸ ಬಟ್ಟೆ ತೊಟ್ಟ ಹಾಗೆ ಎನ್ನುತ್ತಿದ್ದ. ಈಗ ಆ ಮಾತನ್ನೂ ಆಡುತ್ತಿರಲಿಲ್ಲ. ಶೆಡ್ಡಿನೊಳಗೆ ಒಂದು ಕುರ್ಚಿ ಹಾಕಿಕೊಂಡು, ಒಣಗಿ ಗಟ್ಟಿಯಾದ ಬ್ರಶ್ಶುಗಳನ್ನು ನೋಡುತ್ತಾ ಕೂತಿರುತ್ತಿದ್ದ.

ಅದೇ ಅಂಗಳದ ಇನ್ನೊಂದು ಬದಿಯಲ್ಲಿ ಅವನ ಬಾಮೈದನ ಬೆಸುಗೆ ಅಂಗಡಿ. ತಾಯಿ ಇಲ್ಲದ ಈ ತಮ್ಮನನ್ನು ಮೇಸ್ತ್ರಿಯ ಹೆಂಡತಿಯೇ ಸಾಕಿ ದೊಡ್ಡವನನ್ನಾಗಿ ಮಾಡಿದ್ದಳು. ಭಾವನ ನಿಧಾನಕ್ಕೂ ಬಾಮೈದನ ಆತುರಕ್ಕೂ ಅಜಗಜಾಂತರ. ಬಾಮೈದ ಬಿಸಿ ಟೀ ಆರುವವರೆಗೂ ಕಾಯದೆ ದಿನಾ ನಾಲಿಗೆ ಸುಟ್ಟುಕೊಂಡು, ದಿನಾ ಟೀಯನ್ನೇ ಬೈಯುತ್ತಿದ್ದ. ಅಕ್ಕ ಹೋದ ಮೇಲೆ ಇಬ್ಬರಿಗೂ ಅಡುಗೆ ಅವನದೇ. ಅನ್ನ ಒಂದೋ ಹಸಿ, ಇಲ್ಲವೋ ಸೀದದ್ದು. ಮೇಸ್ತ್ರಿ ತುಟಿ ಪಿಟಕ್ಕೆನ್ನದೆ ಉಂಡು ಏಳುತ್ತಿದ್ದ. ಹೊಗಳಲಿ, ಬೈಯಲಿ, ಏನಾದರೊಂದು ಅನ್ನಬಾರದೇ ಎಂದು ಬಾಮೈದನಿಗೆ ಒಳಗೊಳಗೇ ಸಂಕಟ.

ಒಂದು ಬೆಳಿಗ್ಗೆ ಕಸ ಚೆಲ್ಲಲು ಹೊರಗೆ ಬಂದ ಮೇಸ್ತ್ರಿಗೆ ಎದುರು ಮನೆಯ ಮುಂದೆ ನರ್ಸಮ್ಮನ ಕಾರು ನಿಂತಿದ್ದು ಕಾಣಿಸಿತು. ಆ ಕಾರನ್ನು ಗುರುತಿಸದವರು ಆ ಕಡೆ ಯಾರೂ ಇರಲಿಲ್ಲ. ಇಬ್ಬರು ಕೂರುವಷ್ಟು ಪುಟ್ಟದು, ಕೆನೆ ಬಣ್ಣದ್ದು, ಮೈಯೆಲ್ಲ ಫೈಬರ್‌ಗ್ಲಾಸಿನದು. ನರ್ಸಮ್ಮನಿಗೆ ಚಿಕ್ಕಂದಿನಲ್ಲಿ ಬಂದ ಜ್ವರದಿಂದ ಕಾಲುಗಳೆರಡೂ ಸೋತಿದ್ದವು. ಕಂಕುಳಲ್ಲಿ ಕೋಲು ಊರಿಕೊಂಡು ನಡೆಯುತ್ತಿದ್ದರು. ಬ್ರೇಕು, ವೇಗ ಎಲ್ಲವನ್ನೂ ಕೈಯಲ್ಲೇ ನಡೆಸುವಂತೆ ಆ ಕಾರನ್ನು ಯಾವುದೋ ಕಾಲದಲ್ಲಿ ಮಾಡಿದ್ದರು. ಮಾಡಿದ ಕಾರ್ಖಾನೆ ಬಾಗಿಲು ಹಾಕಿ ಎಷ್ಟೋ ವರ್ಷಗಳಾಗಿದ್ದವು. ಆ ಕಾರಿನಲ್ಲಿ ನರ್ಸಮ್ಮ ಮನೆಮನೆಗೆ ಹೋಗಿ ಹಾಸಿಗೆ ಹಿಡಿದವರ ಆರೈಕೆ ಮಾಡುತ್ತಿದ್ದರು.

ಮೇಸ್ತ್ರಿ ಕಾರಿನ ಹತ್ತಿರ ಹೋದ. ಬಾನೆಟ್ಟಿನ ಮೇಲಿನ ಬಣ್ಣ ಬೊಬ್ಬೆಯೆದ್ದು ಬಿರಿದಿತ್ತು. ಚಕ್ರದ ಮೇಲಿನ ಮಡ್‌ಗಾರ್ಡಿನಲ್ಲಿ ಹಳೇ ಗಾಯದ ಹಕ್ಕಳೆಯ ಹಾಗೆ ಚಕ್ಕೆ ಎದ್ದಿತ್ತು. ಕೈ ತಡೆಯಲಿಲ್ಲ. ಹೆಬ್ಬೆರಳ ಉಗುರಿನಿಂದ ಮೀಟಿದ. ಅಂಗೈಯಗಲದ ಚಕ್ಕೆ ಕಳಚಿಕೊಂಡು ಕೈಗೇ ಬಂತು. ಒಳಗೆ ಹಸಿರು, ಅದರ ಕೆಳಗೆ ಇನ್ನೇನೋ ಕಂದು. ಅಷ್ಟರಲ್ಲಿ ಎದುರು ಮನೆಯ ಬಾಗಿಲು ತೆರೆದು ನರ್ಸಮ್ಮ ಹೊರಬಂದರು. ಸಿಕ್ಕಿಬಿದ್ದ ಕಳ್ಳನ ಹಾಗೆ ಮೇಸ್ತ್ರಿ ಚಕ್ಕೆಯನ್ನು ಹಿಡಿದುಕೊಂಡೇ ನಿಂತ.

ನರ್ಸಮ್ಮ ನಕ್ಕರು. ಕಾರಿಗೆ ಚರ್ಮದ ಕಾಯಿಲೆ ಬಂದಿದೆ, ಅದಕ್ಕೆ ತಮ್ಮಲ್ಲಿ ಮದ್ದಿಲ್ಲ ಎಂದರು. ದೊಡ್ಡ ರಸ್ತೆಯ ಗ್ಯಾರೇಜಿನವರು ಒಂದು ದಿನದಲ್ಲಿ ಔಷಧಿ ಸುರಿದು ಎಲ್ಲ ಬಣ್ಣವನ್ನೂ ತೆಗೆದುಕೊಡುತ್ತೇವೆ ಎಂದಿದ್ದಾರಂತೆ. ನಾಳೆ ನಾಡಿದ್ದರಲ್ಲಿ ಬಿಟ್ಟು ಬರಬೇಕು ಎಂದುಕೊಂಡಿದ್ದರು.

"ಬೇಡ" ಎಂದ ಮೇಸ್ತ್ರಿ. ಬಹಳ ದಿನಗಳಿಂದ ಅಷ್ಟು ಗಟ್ಟಿಯಾಗಿ ಮಾತಾಡಿರಲಿಲ್ಲವಾದ್ದರಿಂದ ಅವನ ದನಿ ಅವನಿಗೇ ಹೊಸದಾಗಿ ಕೇಳಿತು. "ಇದು ತಗಡಲ್ಲ ನರ್ಸಮ್ಮ. ಗಾಜಿನ ನಾರು, ರಾಳ ಸೇರಿಸಿ ಮಾಡಿರೋದು. ತಗಡಿಗೆ ಹಾಕೋ ಔಷಧಿ ಇದಕ್ಕೆ ಹಾಕಿದ್ರೆ ಬಣ್ಣದ ಜೊತೆ ಮೈನೂ ತಿಂದುಬಿಡುತ್ತೆ. ಇಲ್ಲಿ ಬಿಡಿ. ನಾನು ಮಾಡ್ತೀನಿ."

ನರ್ಸಮ್ಮ ಅವನ ಮುಖವನ್ನೇ ನೋಡಿದರು. ಎಷ್ಟು ದಿನ ಆಗಬಹುದು ಎಂದು ಕೇಳಿದರು. ಬಹಳ ದಿನ ಆಗುತ್ತದೆ ಎಂದು ಅವನು ನಿಜ ಹೇಳಿದ. ಕಾರಿಲ್ಲದೆ ರೋಗಿಗಳ ಮನೆಗೆ ಹೋಗುವುದು ಹೇಗೆ ಎಂದು ಅವರು ಯೋಚಿಸುತ್ತಿರುವಾಗ, ತನ್ನ ಹಳೇ ಪಿಕಪ್ ಗಾಡಿ ಇದೆ, ಬೆಳಗಿನ ಹೊತ್ತು ತಾನೇ ಕರೆದುಕೊಂಡು ಹೋಗಿ ಬರುತ್ತೇನೆ, ಮಧ್ಯಾಹ್ನದ ಮೇಲೆ ಕೆಲಸ ಮಾಡುತ್ತೇನೆ ಎಂದ. ಅಂಗಳದ ಆಚೆ ಬದಿಯಲ್ಲಿ ಬಾಮೈದ ಬೆಸುಗೆಯ ಕನ್ನಡಕವನ್ನು ಹಣೆಗೇರಿಸಿ, ಬಾಯಿ ತೆರೆದು ನಿಂತಿದ್ದ.

ಮೇಸ್ತ್ರಿ ಹೀಗೆ ಮುಂದೆ ಬಿದ್ದು ಹೇಳಿದ್ದಕ್ಕೆ ಕಾರಣ ಇತ್ತು. ಅವನ ಹೆಂಡತಿ ಬೆನ್ನುಹುರಿಯ ಕಾಯಿಲೆಯಿಂದ ವರ್ಷಕ್ಕೂ ಮೇಲೆ ಹಾಸಿಗೆಯಲ್ಲಿದ್ದಳು. ದಿನಾ ಬೆಳಿಗ್ಗೆ ನರ್ಸಮ್ಮ ಬರುತ್ತಿದ್ದರು. ಬಂದವರು ಮೊದಲು ತಮ್ಮ ಕೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಂಡು ಆಮೇಲೆ ರೋಗಿಯನ್ನು ಮುಟ್ಟುತ್ತಿದ್ದರು. ಹಾಸಿಗೆಯ ಮೇಲಿನ ಬಟ್ಟೆಯನ್ನೇ ಹಿಡಿದು ಮೈಯನ್ನು ನೋವಾಗದಂತೆ ಮಗ್ಗುಲು ಬದಲಿಸುವುದನ್ನು ಮೇಸ್ತ್ರಿಗೆ ಕಲಿಸಿಕೊಟ್ಟರು. ಅಷ್ಟು ಕಾಲ ಮಲಗಿದ್ದರೂ ಅವಳ ಬೆನ್ನಿನಲ್ಲಿ ಒಂದು ಹುಣ್ಣೂ ಆಗಲಿಲ್ಲ. ಕೊನೆಯ ವಾರದಲ್ಲಿ ಅವಳು ತಲೆಗೆ ನೀರು ಹಾಕಿಕೊಳ್ಳಬೇಕು ಎಂದಳು. ಈ ಸ್ಥಿತಿಯಲ್ಲಿ ಅದೇನು ಆಸೆ ಎಂದು ಮೇಸ್ತ್ರಿ ಕಣ್ಣು ಒರೆಸಿಕೊಂಡಿದ್ದ. ನರ್ಸಮ್ಮ ತಲೆದಿಂಬು ತೆಗೆದು, ಕತ್ತಿನ ಕೆಳಗೆ ರಬ್ಬರ್ ಹಾಳೆ ಹಾಸಿ, ಅದರ ತುದಿಯನ್ನು ಬಕೆಟ್ಟಿಗೆ ಇಳಿಬಿಟ್ಟು, ಹಾಸಿಗೆಯಲ್ಲೇ ತಲೆ ತೊಳೆದರು. ಮೇಸ್ತ್ರಿ ತಂಬಿಗೆ ಹಿಡಿದು ನೀರು ಹೊಯ್ದ. ಕೂದಲು ಒಣಗಿದ ಮೇಲೆ ಅವಳು ಕಣ್ಣು ಮುಚ್ಚಿಕೊಂಡು, ಎಷ್ಟು ಹಗುರಾಯಿತು ಎಂದಳು. ಆ ಒಂದು ಮಾತಿಗೆ ತಾನು ನರ್ಸಮ್ಮನಿಗೆ ಏನು ಕೊಟ್ಟರೂ ಕಡಿಮೆಯೇ ಎಂದು ಮೇಸ್ತ್ರಿಗೆ ಅನಿಸಿತ್ತು. ಆದರೆ ಕೊಡುವುದು ಏನನ್ನು, ಹೇಗೆ ಎಂದು ತೋಚಿರಲಿಲ್ಲ.

ಮರುದಿನ ಕಾರು ಶೆಡ್ಡಿನೊಳಗೆ ಬಂತು. ಬಾನೆಟ್ಟು, ಮಡ್‌ಗಾರ್ಡು, ಬಾಗಿಲುಗಳನ್ನು ಬಿಚ್ಚಿ ಮರದ ಸ್ಟ್ಯಾಂಡುಗಳ ಮೇಲೆ ಹಳೇ ಕಂಬಳಿ ಹಾಸಿ ಇಟ್ಟರು. ಮೇಸ್ತ್ರಿ ಹಿಂದಿನ ಕಿಟಕಿಗಳನ್ನು ತೆರೆದ. ಸೋಪಿನ ನೀರಿನಿಂದ ತುಂಡುಗಳನ್ನೆಲ್ಲ ತೊಳೆದು ಒರೆಸಿದ. ಆಮೇಲೆ ಉದ್ದ ತೋಳಿನ ಅಂಗಿ ತೊಟ್ಟು, ಕೈಗವಸು ಹಾಕಿ, ಎರಡು ಕಡೆ ಡಬ್ಬಿಯಿರುವ ದಪ್ಪ ಮಾಸ್ಕನ್ನು ಮೂಗಿಗೆ ಕಟ್ಟಿಕೊಂಡ. ಮೂಗಿಗೆ ಕವಡೆ ಕಟ್ಟಿಕೊಂಡು ದುಡಿಯೋದು ಅಂದರೆ ಇದೇ ಇರಬೇಕು ಎಂದ ಬಾಮೈದ. ಹಳೇ ಬಣ್ಣದಲ್ಲಿ ಸೀಸ ಇರಬಹುದು, ಗಾಜಿನ ನಾರಿನ ಪುಡಿ ಎದೆಯೊಳಗೆ ಹೋದರೆ ವಾಪಸು ಬರುವುದಿಲ್ಲ, ಒಳಗೆ ಬರುವುದಾದರೆ ನೀನೂ ಕಟ್ಟಿಕೋ ಎಂದು ಮೇಸ್ತ್ರಿ ಇನ್ನೊಂದು ಮಾಸ್ಕನ್ನು ಅವನತ್ತ ಎಸೆದ.

ಕೆಲಸ ನೋಡಲು ಏನೂ ಇರಲಿಲ್ಲ. ಅಗಲವಾದ ಬ್ಲೇಡನ್ನು ಹಿಡಿಗೆ ಸಿಕ್ಕಿಸಿ, ಅದರ ಎರಡು ಮೂಲೆಗಳನ್ನು ಉಜ್ಜಿ ಮೊಂಡು ಮಾಡಿ, ಬಣ್ಣದ ಅಡಿಗೆ ಓರೆಯಾಗಿ ನುಗ್ಗಿಸಿ ಮೆಲ್ಲಗೆ ತಳ್ಳಬೇಕು. ಸಿಪ್ಪೆ ಎದ್ದಷ್ಟನ್ನು ತೆಗೆಯಬೇಕು. ಏಳದಿದ್ದರೆ ಅಲ್ಲಿ ಬಲ ಹಾಕಬಾರದು, ಇನ್ನೊಂದು ಕಡೆಯಿಂದ ಬರಬೇಕು. ಕೆಳಗಿನ ನಯವಾದ ರಾಳದ ಪದರ ಕಂಡ ಕೂಡಲೇ ಕೈ ನಿಲ್ಲಬೇಕು. ಅದು ಹರಿದರೆ ನಾರು ಹೊರಬರುತ್ತದೆ, ನಾರು ಹೊರಬಂದರೆ ನೀರು ಕುಡಿಯುತ್ತದೆ. ಬ್ಲೇಡಿಗೆ ಬಗ್ಗದ ಉಳಿಕೆಯನ್ನು ಉಪ್ಪುಕಾಗದಕ್ಕೆ ನೀರು ಮುಟ್ಟಿಸಿಕೊಂಡು ಉಜ್ಜಬೇಕು. ಒದ್ದೆಯಿದ್ದರೆ ಧೂಳು ಹಾರುವುದಿಲ್ಲ. ಮೂಲೆಮುಡುಕಿಗೆ ಫೈಬರಿಗೆಂದೇ ಬರುವ ಸೌಮ್ಯವಾದ ಔಷಧಿಯನ್ನು, ಅದೂ ಮೊದಲು ಕಣ್ಣಿಗೆ ಕಾಣದ ಒಳಬದಿಯಲ್ಲಿ ಹಚ್ಚಿ ಪರೀಕ್ಷೆ ಮಾಡಿ, ಆಮೇಲೆ ಚೂರೇಚೂರು ಹಚ್ಚಬೇಕು. ಕೆರೆದ ಸಿಪ್ಪೆಯೆಲ್ಲ ಚರಂಡಿಗೆ ಹೋಗದಂತೆ ಚೀಲಕ್ಕೆ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮೇಸ್ತ್ರಿ ಕೆರೆಯುತ್ತಿದ್ದ.

ಬಾಮೈದ ಸ್ವಲ್ಪ ಹೊತ್ತು ನೋಡಿ ಚಡಪಡಿಸಿದ. ಬಿಸಿಗಾಳಿಯ ಯಂತ್ರ ತರಲೇ ಎಂದು ಕೇಳಿದ. ಬಿಸಿಗೆ ರಾಳ ಗುಳ್ಳೆ ಏಳುತ್ತದೆ ಎಂದ ಭಾವ. ಗಿರಗಿರ ತಿರುಗುವ ಉಜ್ಜುವ ಯಂತ್ರ? ಕಣ್ಣು ಮಿಟುಕಿಸುವುದರೊಳಗೆ ತೂತು ಬೀಳುತ್ತದೆ. ಹೀಗೆ ಕೆರೆಯುತ್ತಾ ಹೋದರೆ ಕಾರು ಸಿದ್ಧವಾಗುವ ಹೊತ್ತಿಗೆ ನರ್ಸಮ್ಮನಿಗೇ ಒಬ್ಬ ನರ್ಸಮ್ಮ ಬೇಕಾಗುತ್ತದೆ ಎಂದು ಬಾಮೈದ ಗೊಣಗಿಕೊಂಡು ತನ್ನ ಅಂಗಡಿಗೆ ಹೋದ. ಮಾಸ್ಕಿನ ಒಳಗೆ ಮೇಸ್ತ್ರಿ ನಕ್ಕದ್ದು ಅವನಿಗೆ ಕಾಣಿಸಲಿಲ್ಲ.

ಬೆಳಗಿನ ಹೊತ್ತು ಪಿಕಪ್ಪಿನಲ್ಲಿ ನರ್ಸಮ್ಮನ ಜೊತೆ ತಿರುಗಾಟ. ಮೊದಮೊದಲು ಮೇಸ್ತ್ರಿ ಗಾಡಿಯಲ್ಲೇ ಕೂತು ಕಾಯುತ್ತಿದ್ದ. ರೋಗಿಯ ಕೋಣೆಯ ವಾಸನೆ ಮೂಗಿಗೆ ಬಿದ್ದರೆ ತನ್ನ ಮನೆಯ ಕೋಣೆ ನೆನಪಾದೀತು ಎಂಬ ಭಯ. ಒಂದು ದಿನ, ನರ್ಸಮ್ಮ ಕೋಲೂರಿಕೊಂಡು ನಿಧಾನವಾಗಿ ಹತ್ತಿಹೋಗಿದ್ದ ಮೂರನೇ ಮಹಡಿಯ ಮನೆಯೊಂದರಿಂದ ಹೆಂಗಸೊಬ್ಬಳು ಕೆಳಗಿಳಿದು ಬಂದು, ಸ್ವಲ್ಪ ಕೈ ಕೊಡಬೇಕಂತೆ, ನರ್ಸಮ್ಮ ಕರೆಯುತ್ತಿದ್ದಾರೆ ಎಂದಳು. ಅವಳ ಗಂಡ ನಿವೃತ್ತ ಬಸ್ ಕಂಡಕ್ಟರು. ಬಿದ್ದು ಸೊಂಟದ ಮೂಳೆ ಮುರಿದುಕೊಂಡು ಮಲಗಿದ್ದ. ಭಾರಿ ಆಳು. ಹೆಂಡತಿಯಿಂದ ಅವನನ್ನು ಸರಿಸುವುದು ಆಗಿರಲಿಲ್ಲ.

ಮೇಸ್ತ್ರಿ ಹೊಸ್ತಿಲಲ್ಲಿ ಒಂದು ಗಳಿಗೆ ನಿಂತ. ಆಮೇಲೆ ಒಳಗೆ ಹೋಗಿ, ಯಾರೂ ಹೇಳದೆಯೇ ಹಾಸುಬಟ್ಟೆಯ ಅಂಚನ್ನು ಸುರುಳಿ ಸುತ್ತಿ ಹಿಡಿದುಕೊಂಡ. ನರ್ಸಮ್ಮ ಮಂಚಕ್ಕೆ ಆನಿಕೊಂಡು ಆ ಕಡೆಯಿಂದ ಹಿಡಿದರು. ಇಬ್ಬರೂ ಒಟ್ಟಿಗೆ ಎಳೆದಾಗ ಅಷ್ಟು ದೊಡ್ಡ ಮೈ ನೀರಿನ ಮೇಲೆ ತೇಲಿದ ಹಾಗೆ ಪಕ್ಕಕ್ಕೆ ಸರಿಯಿತು. ಕಂಡಕ್ಟರು ನೋವಿಗೆಂದು ಮೊದಲೇ ಮುಚ್ಚಿಕೊಂಡಿದ್ದ ಕಣ್ಣನ್ನು ಒಂದೊಂದಾಗಿ ತೆರೆದ.

"ಆಯ್ತಾ? ಇಷ್ಟೇನಾ?" ಎಂದು ಕೇಳಿದ. ಆಮೇಲೆ ಮೇಸ್ತ್ರಿಯ ಕೈ ಹಿಡಿದುಕೊಂಡು, "ಎಲ್ಲಿ ಕಲಿತ್ರಿ ಇದನ್ನ?" ಎಂದ.

"ಇವರ ಹತ್ರಾನೇ" ಎಂದ ಮೇಸ್ತ್ರಿ. ಹಾಸುಬಟ್ಟೆಯ ಸುಕ್ಕನ್ನು ಎಳೆದು ಸರಿಮಾಡಿದ. ಅವನು ಹೆದರಿದ್ದ ಹಾಗೆ ಏನೂ ಆಗಲಿಲ್ಲ. ಆ ಕೋಣೆಯ ಔಷಧಿಯ ವಾಸನೆಗೆ ಅವನ ಹೆಂಡತಿಯ ಸಾವು ನೆನಪಾಗಲಿಲ್ಲ. ಒಂದು ಬೆಳಿಗ್ಗೆ ಮಗ್ಗುಲು ಬದಲಿಸಿದ ಮೇಲೆ ಅವಳು, ನಿಮ್ಮ ಕೈ ಈಗ ಪಳಗಿತು ಎಂದು ಚೇಷ್ಟೆ ಮಾಡಿದ್ದು ನೆನಪಾಯಿತು. ಅಂದಿನಿಂದ ಅವನು ಗಾಡಿಯಲ್ಲಿ ಕೂತು ಕಾಯುವುದನ್ನು ಬಿಟ್ಟ. ಕಂಡಕ್ಟರಂತೂ ಅವನು ಬಂದರೇ ಮೈ ಮುಟ್ಟಗೊಡುವುದು ಎಂದು ಹಟ ಹಿಡಿದ.

ಇತ್ತ ಬಾಮೈದನಿಗೆ ಕಾರಿನ ಕೆಲಸ ಮುಗಿಯದಿರುವುದೇ ಚಿಂತೆ. ಕಾರಿಲ್ಲದೆ ನರ್ಸಮ್ಮ ಪಿಕಪ್ಪಿನ ಎತ್ತರದ ಮೆಟ್ಟಿಲು ಹತ್ತಲು ಪಡುವ ಪಾಡನ್ನು ದಿನಾ ನೋಡುತ್ತಿದ್ದ. ಮೊದಲ ವಾರವೇ ಆ ಮೆಟ್ಟಿಲಿನ ಕೆಳಗೆ ಇನ್ನೊಂದು ಮೆಟ್ಟಿಲು ಬೆಸೆದು, ಹಿಡಿದುಕೊಳ್ಳಲು ಸರಳು ಕೂರಿಸಿದ್ದ. ಅಷ್ಟಕ್ಕೆ ಸಮಾಧಾನವಾಗಲಿಲ್ಲ. ಒಂದು ಬೆಳಿಗ್ಗೆ ಭಾವ ಹೊರಟ ಕೂಡಲೇ, ಗೇಟುಗಳ ಬಣ್ಣ ತೆಗೆಯಲು ತಾನು ಇಟ್ಟುಕೊಂಡಿದ್ದ ಔಷಧಿಯ ಡಬ್ಬಿಯನ್ನು ತಂದು, ಇನ್ನೂ ಕೆರೆಯದ ಎಡಗಡೆಯ ಮಡ್‌ಗಾರ್ಡಿನ ಮೇಲೆ ಧಾರಾಳವಾಗಿ ಸುರಿದ.

ಅವರು ಹಿಂದಿರುಗಿದಾಗ ಅಂಗಳಕ್ಕೆಲ್ಲ ಘಾಟು. ಬಾಮೈದ ಪೈಪು ಹಿಡಿದು ಮಡ್‌ಗಾರ್ಡಿನ ಮೇಲೆ ನೀರು ಬಿಡುತ್ತಿದ್ದ. ಬಣ್ಣ ಎದ್ದದ್ದೇನೋ ನಿಜ, ಹಾಲಿನ ಕೆನೆಯಂತೆ ಸುಕ್ಕುಗಟ್ಟಿ ಎದ್ದಿತ್ತು. ಆದರೆ ಅದರ ಜೊತೆಗೇ ಕೆಳಗಿನ ರಾಳವೂ ನೆನೆದ ರಟ್ಟಿನಂತೆ ಮೆತ್ತಗಾಗಿ, ಬೆರಳೊತ್ತಿದರೆ ಅಚ್ಚು ಮೂಡುತ್ತಿತ್ತು. ಅವನ ಬಲ ಮುಂಗೈ ಮೇಲೆ ಔಷಧಿ ಸಿಡಿದು ಕೆಂಪಗೆ ಸುಟ್ಟಿತ್ತು. ಉಗುರಲ್ಲಿ ಹೋಗೋದಕ್ಕೆ ಕೊಡಲಿ ತಗೊಂಡೆ ಭಾವ ಎಂದ. ಮೇಸ್ತ್ರಿ ಅವನ ಕೈಯಿಂದ ಪೈಪು ತೆಗೆದುಕೊಂಡು, ಮೊದಲು ಅವನ ಕೈಗೆ ನೀರು ಬಿಟ್ಟ.

ಬಹಳ ಹೊತ್ತು ನೀರು ಬಿಟ್ಟ ಮೇಲೆ ನರ್ಸಮ್ಮ ಅವನನ್ನು ಕುರ್ಚಿಯಲ್ಲಿ ಕೂರಿಸಿ ಗಾಯಕ್ಕೆ ಪಟ್ಟಿ ಸುತ್ತತೊಡಗಿದರು. ಬಾಮೈದ ತಲೆಯೆತ್ತಲಿಲ್ಲ. ಕಾರಿನ ತುಂಡು ಹಾಳಾದದ್ದಕ್ಕೆ ಅವರು ಒಂದು ಮಾತೂ ಅನ್ನದಿರುವುದು ಅವನಿಗೆ ಬೈಗುಳಕ್ಕಿಂತ ಕಷ್ಟವಾಗಿತ್ತು.

"ಬೇಗ ಮುಗಿಸಿ ಕೊಡೋಣ ಅಂತ ಮಾಡಿದೆ" ಎಂದ ಕೊನೆಗೆ. "ಅಕ್ಕ ಮಲಗಿದ್ದಾಗ ನನಗೆ ಆ ಕೋಣೆ ಒಳಗೆ ಬರೋಕೇ ಆಗ್ತಿರಲಿಲ್ಲ. ನನ್ನನ್ನ ಎತ್ತಿ ಆಡಿಸಿದವಳು. ಅವಳಿಗೆ ನೀವು ಮಾಡಿದ್ರಿ, ಭಾವ ಮಾಡಿದ್ರು. ನಾನು ಏನೂ ಮಾಡ್ಲಿಲ್ಲ. ಈಗಾದ್ರೂ ಒಂದು ಮಾಡೋಣ ಅಂದ್ಕೊಂಡೆ, ಅದೂ ಹೀಗಾಯ್ತು."

ನರ್ಸಮ್ಮ ಪಟ್ಟಿಯ ತುದಿಯನ್ನು ಅಂಟಿಸಿ, ಆ ಕೈಯನ್ನು ತಮ್ಮ ಕೈಯಲ್ಲೇ ಇಟ್ಟುಕೊಂಡರು.

"ದಿನಾ ನಾನು ಬರೋ ಹೊತ್ತಿಗೆ ಬಾಗಿಲ ಹತ್ರ ಒಂದು ಬಕೆಟ್ ಬಿಸಿನೀರು ಇರ್ತಿತ್ತಲ್ಲಪ್ಪ. ಒಂದು ದಿನಾನೂ ತಪ್ಪಲಿಲ್ಲ. ಎಷ್ಟು ಬೇಕೋ ಅಷ್ಟೇ ಬಿಸಿ, ಹದವಾಗಿ. ನಿಮ್ಮ ಅಕ್ಕ ಕೇಳೋಳು, ನನ್ನ ತಮ್ಮ ನೀರಿಟ್ಟು ಹೋದ್ನಾ ಅಂತ. ಹೌದು ಅಂದ್ರೆ ಸಾಕು, ಆಮೇಲೆ ಸಮಾಧಾನವಾಗಿ ಇರೋಳು. ಆ ನೀರಿಲ್ಲದೆ ನಾನು ಏನು ಮಾಡೋಕಾಗ್ತಿತ್ತು?"

ಬಾಮೈದ ಎಡಗೈಯಿಂದ ಮುಖ ಮುಚ್ಚಿಕೊಂಡ. ಅಕ್ಕ ಹೋದಾಗ ಓಡಾಡಿ ಎಲ್ಲ ಕೆಲಸ ಮಾಡಿದ್ದ ಅವನು ಅತ್ತದ್ದು ಅದೇ ಮೊದಲು. ಮೇಸ್ತ್ರಿ ಹತ್ತಿರ ಬಂದು ಅವನ ಬೆನ್ನ ಮೇಲೆ ಕೈ ಇಟ್ಟ. ದಿನಾ ಅಷ್ಟು ಹದವಾಗಿ ನೀರು ಕಾಯಿಸುತ್ತಿದ್ದವನಿಗೆ ಅನ್ನ ಮಾಡಲು ಯಾಕೆ ಬರುವುದಿಲ್ಲವೋ ಎಂದ. ಅಳುತ್ತಿದ್ದ ಬಾಮೈದನಿಗೆ ನಗು ಬಂತು. ಅಂತೂ ಭಾವ ತನ್ನ ಅಡುಗೆಯ ಬಗ್ಗೆ ಬಾಯಿ ಬಿಟ್ಟಿದ್ದ.

ಕೆಟ್ಟ ಮಡ್‌ಗಾರ್ಡಿನ ಬದಲಿಗೆ ಹೊಸದು ಸಿಗುವಂತಿರಲಿಲ್ಲ. ಮೇಸ್ತ್ರಿ ಮೆತ್ತಗಾದ ಭಾಗವನ್ನು ಒಣಗಲು ಬಿಟ್ಟು, ಆಮೇಲೆ ಕತ್ತರಿಸಿ ತೆಗೆದ. ಗಾಜಿನ ನಾರಿನ ಬಟ್ಟೆಯನ್ನು ರಾಳದಲ್ಲಿ ಅದ್ದಿ ಪದರದ ಮೇಲೆ ಪದರ ಕೂರಿಸಿ, ಮೊದಲಿನ ಉಬ್ಬಿಗೆ ಸರಿಯಾಗಿ ರೂಪ ಕೊಟ್ಟ. ಬಾಮೈದನ ಕೈ ವಾಸಿಯಾದ ಮೇಲೆ ಅವನಿಗೂ ಒಂದು ಬ್ಲೇಡು ಕೊಟ್ಟು ಬಾನೆಟ್ಟಿನ ಮುಂದೆ ನಿಲ್ಲಿಸಿದ. ಮೇಲಿನ ಕೆನೆ ಬಣ್ಣವನ್ನಷ್ಟೇ ತೆಗೆ, ಹಸಿರು ಕಂಡರೆ ನಿಲ್ಲು, ನನಗೆ ಹೇಳು ಎಂದ. ಮೊದಲ ದಿನ ಬಾಮೈದ ಕೆರೆದದ್ದಕ್ಕಿಂತ ನಿಟ್ಟುಸಿರು ಬಿಟ್ಟದ್ದೇ ಹೆಚ್ಚು. ಎರಡನೆಯ ದಿನ ನಿಟ್ಟುಸಿರು ಕಡಿಮೆಯಾಯಿತು. ಆಮೇಲೆ ಒಂದು ಮಧ್ಯಾಹ್ನ ಟೀ ತಣ್ಣಗಾದರೂ ಅವನು ಬಾನೆಟ್ಟು ಬಿಟ್ಟು ಏಳಲಿಲ್ಲ.

ಆ ಮಧ್ಯಾಹ್ನವೇ ಅವನು ಭಾವನನ್ನು ಕರೆದ. ಬಾನೆಟ್ಟಿನ ಮುಂದಿನ ಅಂಚು, ಅದನ್ನು ಕಾರಿಗೆ ಹಿಡಿದಿಡುವ ಚಿಲಕ ಕೂರುವ ಜಾಗ. ಅಲ್ಲಿ ಬ್ಲೇಡಿನ ಸದ್ದು ಬೇರೆ ಕೇಳಿಸುತ್ತಿದೆ ಎಂದ. ಮೇಸ್ತ್ರಿಗೆ ಏನೂ ಗೊತ್ತಾಗಲಿಲ್ಲ. ಬಾಮೈದ ಮಾಸ್ಕನ್ನು ಬಿಗಿಮಾಡಿಕೊಂಡು ಕಿವಿಯನ್ನು ಹತ್ತಿರ ತಂದು, ಬ್ಲೇಡಿನ ಹಿಡಿಯಿಂದ ಅಂಚಿನುದ್ದಕ್ಕೂ ತಟ್ಟುತ್ತಾ ಬಂದ. ಟಣ್, ಟಣ್ ಎನ್ನುತ್ತಿದ್ದದ್ದು ಚಿಲಕದ ಹತ್ತಿರ ಬರುತ್ತಲೇ ಡಬ್ ಎಂದಿತು. ದಿನಾ ಕಬ್ಬಿಣ ಬಡಿದು ಬೆಸುಗೆ ಹಿಡಿದಿದೆಯೋ ಇಲ್ಲವೋ ಎಂದು ಕೇಳಿ ತಿಳಿಯುವ ಕಿವಿ ಅದು.

ಇಬ್ಬರೂ ಸೇರಿ ಆ ಜಾಗದ ಹಸಿರನ್ನೂ ಬಿಡಿಸಿದರು. ಕೆಳಗೆ ರಾಳ ಇರಲಿಲ್ಲ. ತಗ್ಗು ತುಂಬಲು ಬಳಸುವ ಪುಟ್ಟಿಯನ್ನಷ್ಟೇ ಹಸ್ತದಗಲ ಮೆತ್ತಿತ್ತು. ಯಾವುದೋ ಕಾಲದಲ್ಲಿ ಕಾರು ಎಲ್ಲಿಗೋ ಗುದ್ದಿ ಒಡೆದಿದ್ದ ಜಾಗವನ್ನು ಯಾರೋ ಪುಟ್ಟಿ ತುಂಬಿ, ಮೇಲೆ ಹಸಿರು ಹೊಡೆದು, ಒಳಬದಿಗೆ ಡಾಂಬರಿನಂಥದ್ದನ್ನು ಬಳಿದು ಮುಚ್ಚಿಬಿಟ್ಟಿದ್ದರು. ಪುಟ್ಟಿ ಕಿತ್ತಾಗ ಬಿರುಕು ಕಾಣಿಸಿತು. ಚಿಲಕದ ಎರಡೂ ಬೋಲ್ಟುಗಳನ್ನು ಸುತ್ತಿಕೊಂಡು ಅಂಚಿನವರೆಗೆ ಹೋಗಿತ್ತು. ಮೇಸ್ತ್ರಿ ಚಿಲಕದ ತಟ್ಟೆಯನ್ನು ಹಿಡಿದು ಮೆಲ್ಲಗೆ ಅಲುಗಿಸಿದ. ಅದು ಅವನ ಕೈಗೇ ಬಂತು.

ಸಂಜೆ ನರ್ಸಮ್ಮ ಬಂದಾಗ ಅದನ್ನು ತೋರಿಸಿದರು. ಅವರು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ಕಾರು ಸ್ವಲ್ಪ ವೇಗ ಹೋದರೆ ಮುಂದೆ ಟಕಟಕ ಸದ್ದು ಬರುತ್ತಿತ್ತು ಎಂದರು. ಹಳೇ ಕಾರಲ್ಲವೇ, ವಯಸ್ಸಾದ ಮೇಲೆ ಮೂಳೆ ಸದ್ದು ಮಾಡುತ್ತದೆ ಎಂದುಕೊಂಡು ಬಟ್ಟೆಯ ಚೂರು ಮಡಿಸಿ ಸಿಕ್ಕಿಸಿದ್ದರಂತೆ. ವಾರಕ್ಕೊಮ್ಮೆ ಗುಡ್ಡದ ರಸ್ತೆಯಲ್ಲಿ ಒಬ್ಬ ಬಾಣಂತಿಯ ಮನೆಗೆ ಹೋಗುತ್ತಿದ್ದರು. ಬರುವಾಗ ಇಳಿಜಾರು, ಎದುರುಗಾಳಿ, ಪಕ್ಕದಲ್ಲಿ ಕಣಿವೆ. ಅಲ್ಲಿ ಚಿಲಕ ಕಿತ್ತು ಬಾನೆಟ್ಟು ಎದ್ದು ಗಾಜಿಗೆ ಬಡಿದಿದ್ದರೆ, ಎರಡೂ ಕೈ ಬ್ರೇಕು ಮತ್ತು ಸ್ಟೀರಿಂಗಿನ ಮೇಲಿರುವವರು ಏನು ಮಾಡಬಹುದಿತ್ತು?

"ಗ್ಯಾರೇಜಿಗೆ ಕೊಟ್ಟಿದ್ರೆ ಇಷ್ಟು ಹೊತ್ತಿಗೆ ಹೊಸ ಬಣ್ಣದಲ್ಲಿ ಓಡಾಡ್ತಿದ್ದೆ" ಎಂದರು ನರ್ಸಮ್ಮ. ಆಮೇಲೆ ಬಾಮೈದನ ಕಡೆ ತಿರುಗಿದರು. "ನೀವು ಕೇಳಿಸ್ಕೊಂಡ್ರಲ್ಲ. ನಾನು ದಿನಾ ಓಡಿಸೋಳು, ನನಗೆ ಸದ್ದು ಕೇಳಿಸಿದ್ರೂ ಏನೂಂತ ತಿಳೀಲಿಲ್ಲ. ಬಹಳ ಉಪಕಾರ ಆಯ್ತಪ್ಪ."

ಬಾಮೈದನಿಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ತಗಡಾಗಿದ್ದರೆ ಈಗಲೇ ಬೆಸೆದುಬಿಡುತ್ತಿದ್ದೆ, ಏನು ಮಾಡುವುದು, ಇದು ಭಾವನ ಜಾತಿಯ ವಸ್ತು, ಇದಕ್ಕೆ ಕಾಯಲೇಬೇಕು ಎಂದ. ಭಾವ ಮರುದಿನವೇ ಆ ಜಾಗಕ್ಕೆ ಎರಡೂ ಬದಿಯಿಂದ ನಾರಿನ ಬಟ್ಟೆ ಹಾಕಿ ಗಟ್ಟಿ ಮಾಡಿದ. ಬಾಮೈದ ಚಿಲಕಕ್ಕೆ ಒಂದು ಉಕ್ಕಿನ ಪಟ್ಟಿ ಮಾಡಿಕೊಟ್ಟ. ಅದನ್ನು ಮೂರು ಸಲ ಉಜ್ಜಿ ನಯ ಮಾಡಿದ, ಯಾರೂ ನೋಡದ ಒಳಬದಿಯನ್ನೂ.

ತುಂಡುಗಳೆಲ್ಲ ಬರಿಮೈಯಾಗಿ, ನಯವಾಗಿ, ತಿಳಿ ಬೂದು ಪ್ರೈಮರ್ ಹಚ್ಚಿಕೊಂಡು ನಿಂತ ಮೇಲೆ ಯಾವ ಬಣ್ಣ ಎಂಬ ಪ್ರಶ್ನೆ ಬಂತು. ಬಾಮೈದ ಕೆಂಪು ಎಂದ. ಅವನಿಗೆ ಎಲ್ಲವೂ ಕೆಂಪೇ ಆಗಬೇಕು. ನರ್ಸಮ್ಮ ಮೊದಲಿನ ಕೆನೆ ಬಣ್ಣವೇ ಇರಲಿ ಎಂದರು. ಮಲಗಿದವರು ಕಿಟಕಿಯಿಂದ ನೋಡುತ್ತಿರುತ್ತಾರೆ, ದೂರದಿಂದಲೇ ಗುರುತು ಸಿಗಬೇಕು, ಬಣ್ಣ ಬದಲಾದರೆ ಯಾರೋ ಬೇರೆಯವರು ಎಂದುಕೊಂಡು ಮುಖ ತಿರುಗಿಸಿಬಿಡುತ್ತಾರೆ ಎಂದರು. ಮೇಸ್ತ್ರಿ ಆ ಮಾತಿಗೆ ತಲೆಯಾಡಿಸಿ ಬೇಗ ಒಳಗೆ ಹೋದ. ತನ್ನ ಹೆಂಡತಿ ಬೆಳಿಗ್ಗೆ ಎದ್ದ ಕೂಡಲೇ ಮಂಚವನ್ನು ಕಿಟಕಿಯ ಕಡೆ ತಿರುಗಿಸಲು ಯಾಕೆ ಹೇಳುತ್ತಿದ್ದಳು ಎಂದು ಅವನಿಗೆ ಈಗ ತಿಳಿಯಿತು. ಬೆಳಕಿಗೆ ಎಂದುಕೊಂಡಿದ್ದ. ಒಂದು ವರ್ಷ ಕಾಲ ಅವಳಿಗೆ ದಿನಾ ಬೆಳಿಗ್ಗೆ ಎದುರು ನೋಡಲು ಏನೋ ಒಂದು ಇತ್ತು. ಬಣ್ಣ ಕಲಸುವಾಗ ಅವನು ಹಳೇ ಚಕ್ಕೆಯೊಂದನ್ನು ಪಕ್ಕದಲ್ಲಿಟ್ಟುಕೊಂಡು, ಹಗಲ ಬೆಳಕಿಗೆ ಹಿಡಿದು ಹಿಡಿದು ನೋಡಿ, ಕೂದಲೆಳೆಯಷ್ಟೂ ವ್ಯತ್ಯಾಸ ಬರದಂತೆ ಕಲಸಿದ.

ಕಾರು ಸಿದ್ಧವಾಗಿ ಹೋದ ಮರುದಿನ ಬೆಳಿಗ್ಗೆ ಮೇಸ್ತ್ರಿ ಅಭ್ಯಾಸಬಲದಿಂದ ಅಂಗಿ ತೊಟ್ಟು ಪಿಕಪ್ಪಿನ ಬೀಗದಕೈ ಹಿಡಿದು ಅಂಗಳಕ್ಕೆ ಬಂದ. ಬಂದ ಮೇಲೆ ತನಗೆ ಹೋಗಲು ಎಲ್ಲೂ ಇಲ್ಲ ಎಂದು ನೆನಪಾಯಿತು. ಅಷ್ಟರಲ್ಲಿ ಹೊಸದಾಗಿ ಹೊಳೆಯುತ್ತಾ ಕೆನೆ ಬಣ್ಣದ ಕಾರು ಬಂದು ನಿಂತಿತು. ಕಂಡಕ್ಟರನ್ನು ಎಕ್ಸ್‌ರೇಗೆ ಆಸ್ಪತ್ರೆಗೆ ಕರೆದೊಯ್ಯಬೇಕು, ಅಷ್ಟು ದೊಡ್ಡವನು ಈ ಕಾರಿನಲ್ಲಿ ಹಿಡಿಸುವುದಿಲ್ಲ, ಬಿಡುವಿದೆಯೇ ಎಂದು ನರ್ಸಮ್ಮ ಕೇಳಿದರು. ಅವರು ಮಾತು ಮುಗಿಸುವುದರೊಳಗೆ ಬಾಮೈದ ಅಂಗಡಿಗೆ ಬೀಗ ಹಾಕಿಕೊಂಡು ಬಂದ. ಮೂರು ಮಹಡಿ ಇಳಿಸಲು ಇನ್ನೊಬ್ಬ ಬೇಡವೇ ಎಂದ.

ಕುರ್ಚಿಯಲ್ಲಿ ಕೂರಿಸಿ, ಮೆಟ್ಟಿಲ ತಿರುವುಗಳಲ್ಲಿ ನಿಂತು ನಿಂತು, ಅವರಿಬ್ಬರೂ ಕಂಡಕ್ಟರನ್ನು ಕೆಳಗಿಳಿಸಿದರು. ಬೇಗ ಬೇಗ ಎಂದು ಬಾಮೈದ ಒಮ್ಮೆಯೂ ಅನ್ನಲಿಲ್ಲ. ಪಿಕಪ್ಪಿನ ಮುಂದಿನ ಸೀಟಿನಲ್ಲಿ ದಿಂಬು ಒತ್ತರಿಸಿಕೊಂಡು ಕೂತ ಕಂಡಕ್ಟರು ಎಷ್ಟೋ ತಿಂಗಳ ಮೇಲೆ ರಸ್ತೆ ನೋಡುತ್ತಿದ್ದ. ಮುಂದೆ ಪುಟ್ಟ ಕಾರು, ಹಿಂದೆ ಇವರು. ಪ್ರತಿ ಬಸ್ ನಿಲ್ದಾಣ ಬಂದಾಗಲೂ ಕಂಡಕ್ಟರು ಕಿಟಕಿಯಿಂದ ಕತ್ತು ಹೊರಹಾಕಿ, ಪಿಕಪ್ಪಿನ ತೆರೆದ ಹಿಂಭಾಗದಲ್ಲಿ ತನ್ನ ಹೆಂಡತಿಯ ಪಕ್ಕ ಕೂತಿದ್ದ ಬಾಮೈದನಿಗೆ, ಇಳಿಯೋರು ಇಳೀರಿ, ಒಳಗೆ ಜಾಗ ಇದೆ ಮುಂದೆ ಬನ್ನಿ ಎಂದು ಕೂಗುತ್ತಿದ್ದ.

"ಸ್ವಲ್ಪ ನಿಧಾನವಾಗಿ ಹೋಗಿ" ಎಂದು ಮೇಸ್ತ್ರಿಗೆ ಹೇಳಿದ. "ಇನ್ನೂ ಎರಡು ಸ್ಟಾಪ್ ಇದೆ."

ಮೇಸ್ತ್ರಿ ಗಾಡಿಯ ವೇಗ ತಗ್ಗಿಸಿದ. ಹಿಂದಿನಿಂದ, ಟಿಕೆಟ್ ಎಲ್ಲಿ ಎಂದು ಬಾಮೈದ ಕೂಗಿದ್ದು ಕೇಳಿಸಿತು.